ಪೂಜೆಗೆ ಕೂತ ಹೋತ

ಮೊದಲೇ ಹೇಳಿಬಿಡುತ್ತೇನೆ, ಚಿತ್ರಕಥೆ ಓದುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿದವಳು ನಾನು. ಬೆಂಚಿನ ಕೆಳಗೆ ಬಣ್ಣದ ಪುಸ್ತಕ ಹಿಡಿದು ಸಿಕ್ಕಿಬಿದ್ದವರ ಕಿವಿ ಹಿಂಡಿ, ಆ ಪುಸ್ತಕವನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿಯುತ್ತಿದ್ದೆ. ರಜನಿ ಟೀಚರ್ ಬಂದರು ಎಂದರೆ ಈಗಲೂ ಸರಸ್ವತಿಪುರದಲ್ಲಿ ಬೊಕ್ಕತಲೆಯ ಗಂಡಸರು ಸ್ಕೂಟರು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಅಂಥವಳು ಅರವತ್ತೆಂಟನೆಯ ವಯಸ್ಸಿನಲ್ಲಿ, ಲಂಡನ್ನಿನ ರೇನರ್ಸ್ ಲೇನಿಗೆ ಬಂದು, ಅರ್ಧ ಯಂತ್ರವಾದ ಒಂದು ಜಪಾನಿ ಹೋತದ ಹುಚ್ಚು ಹಿಡಿಸಿಕೊಂಡೆ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ, ನಡೆದದ್ದು ಹಾಗೆಯೇ.

ತಪ್ಪೆಲ್ಲ ನನ್ನ ಮಂಡಿಯದು. ಹೋದ ವರ್ಷ ಬಲಗಾಲಿನ ಮಂಡಿ ತೆಗೆದು ಲೋಹದ್ದು ಹಾಕಿದರು. ಅದು ಹೊಂದಿಕೊಂಡ ಮೇಲೆ ಮಗ ಋಷಿಕೇಶ ಆರು ತಿಂಗಳ ಮಟ್ಟಿಗೆ ನನ್ನನ್ನು ಕರೆಸಿಕೊಂಡ. ಅವನೂ ಮೂಳೆ ಡಾಕ್ಟರೇ, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ. ಸೊಸೆ ಮಾಳವಿಕಾ ಧಾರವಾಡದವಳು, ಹತ್ತಿರದ ಕ್ಲಿನಿಕ್ಕಿನಲ್ಲಿ ಜಿಪಿ, ಅಂದರೆ ನೆಗಡಿ ಜ್ವರ ನೋಡುವ ಡಾಕ್ಟರು. ಮೊಮ್ಮಗಳು ಗಾರ್ಗಿಗೆ ಒಂಬತ್ತು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದನ್ನೆಲ್ಲ ನಾನಿಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ರುಚಿಗೆ ಒಂದೊಂದು ಮಾತನ್ನು ಹಾಗೇ ಬಿಟ್ಟು. ಮೊದಮೊದಲು "ಯೆಸ್ ಅಜ್ಜಿ", "ನೋ ಅಜ್ಜಿ" ಬಿಟ್ಟರೆ ಮೂರನೆಯ ಮಾತಿರಲಿಲ್ಲ. ನಾನು ಮಗ್ಗಿ ಕೇಳಿದೆ. ಅವಳು ಮೆಲ್ಲನೆ ಮೇಲಿನ ಕೋಣೆಗೆ ಜಾರಿಕೊಂಡಳು. ನನಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟು ದೂರ ಹಾರಿ ಬಂದದ್ದು ಮಗನ ಮನೆಯ ಡಿಶ್‌ವಾಷರ್ ನೋಡಲಿಕ್ಕಲ್ಲವಲ್ಲ.

ಒಂದು ಸಂಜೆ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಾಗ ಗಾರ್ಗಿ ಬಂದು ಹೊಲಿಗೆಯ ಗುರುತನ್ನೇ ದಿಟ್ಟಿಸಿದಳು.

"ಅಜ್ಜಿ, ಒಳಗೆ ನಿಜವಾಗಲೂ ಮೆಟಲ್ ಇದೆಯಾ?"

"ಇದೆ ಕಣೇ. ಏರ್‌ಪೋರ್ಟಿನಲ್ಲಿ ಕುಂಯ್ ಅಂತ ಕೂಗ್ಕೊಳ್ಳುತ್ತೆ."

ಅವಳ ಕಣ್ಣು ಅಗಲವಾದವು. "ಹಾಗಾದರೆ ಯೂ ಆರ್ ಎ ಸೈಬಾರ್ಗ್!" ಎಂದವಳೇ ಮೇಲೆ ಓಡಿ, ಒಂದು ದಪ್ಪನೆಯ ಪುಟ್ಟ ಪುಸ್ತಕ ತಂದು ನನ್ನ ತೊಡೆಯ ಮೇಲೆ ಒಗೆದಳು. ಅರ್ಧ ಜೀವ ಅರ್ಧ ಯಂತ್ರ ಆದವರಿಗೆ ಹಾಗೆನ್ನುತ್ತಾರಂತೆ. ಮುಖಪುಟದಲ್ಲಿ ಗಡ್ಡದ ಹೋತವೊಂದು ಬೆನ್ನಿನಿಂದ ಹೊಗೆ ಬಿಡುತ್ತಾ ಯಾರದೋ ಚಡ್ಡಿಯನ್ನು ಅಗಿಯುತ್ತಿತ್ತು. ಹೆಸರು ಗೊಂಪೈ. ಮಂಗಳೂರಿನ ಪೈಗಳ ಪೈಕಿ ಇರಬೇಕು ಎಂದುಕೊಂಡೆ.

ಕಥೆ ಇಷ್ಟು. ಒಬ್ಬ ಕೇಡಿಗ ವಿಜ್ಞಾನಿ. ಅವನ ತಲೆ ಥೇಟ್ ಮೂಲಂಗಿ, ಆದ್ದರಿಂದ ನಾವು ಅವನಿಗೆ ಡಾಕ್ಟರ್ ಮೂಲಂಗಿ ಎಂದೇ ಹೆಸರಿಟ್ಟೆವು. ಪ್ರಪಂಚವನ್ನು ಗೆಲ್ಲಬೇಕೆಂದು ಅವನು ಬೆಟ್ಟದ ಹೋತವೊಂದನ್ನು ಕದ್ದು ತಂದು, ಕೊಂಬಿಗೆ ತೋಪು, ಬಾಲಕ್ಕೆ ಫ್ಯಾನು, ಹೊಟ್ಟೆಯೊಳಗೆ ಅನ್ನದ ಕುಕ್ಕರು ಜೋಡಿಸುತ್ತಾನೆ. ಎಚ್ಚರವಾದ ಹೋತ ಮೊದಲು ತಿನ್ನುವುದೇ ಅವನ ಪ್ಯಾಂಟನ್ನು. ಅಲ್ಲಿಂದಾಚೆ ಅದಕ್ಕೆ ಪ್ರಪಂಚವೂ ಬೇಡ, ಯುದ್ಧವೂ ಬೇಡ, ಒಣಗಲು ಹಾಕಿದ ಬಟ್ಟೆ ಸಿಕ್ಕರೆ ಸಾಕು. ಬಟ್ಟೆಯ ಆಸೆಗೆ ಊರೂರು ಅಲೆಯುತ್ತಾ, ತನಗೇ ಗೊತ್ತಿಲ್ಲದಂತೆ ಆ ಊರುಗಳನ್ನು ಉಳಿಸುತ್ತಾ ಹೋಗುತ್ತದೆ. ನೈಲಾನ್ ತಿಂದರೆ ಅದಕ್ಕೆ ಬಿಕ್ಕಳಿಕೆ, ಬಿಕ್ಕಿದಾಗಲೆಲ್ಲ ಕೊಂಬಿನಿಂದ ಒಂದು ಕ್ಷಿಪಣಿ. ಶುದ್ಧ ತಲೆಹರಟೆ. ಮೇಯರನ ರೇನ್‌ಕೋಟು ತಿಂದು ಬಿಕ್ಕಿ ಅವನ ಪ್ರತಿಮೆಯ ತಲೆಯನ್ನೇ ಹಾರಿಸಿದಾಗ ನಾನು ನಗುತ್ತಾ ನಗುತ್ತಾ ಸೋಫಾದಿಂದ ಕೆಳಕ್ಕೆ ಜಾರಿದೆ. ಗಾರ್ಗಿ ನನ್ನನ್ನು ಎತ್ತಲು ಬಂದು, ಎತ್ತಲಾಗದೆ, ತಾನೂ ಪಕ್ಕದಲ್ಲಿ ಬಿದ್ದುಕೊಂಡು ನಕ್ಕಳು.

ಅಂದಿನಿಂದ ನಮ್ಮದೊಂದು ಪದ್ಧತಿಯಾಯಿತು. ಅವಳು ಶಾಲೆಯಿಂದ ಬಂದು ಬಾಯಿಗೆ ಚಕ್ಕುಲಿ ಹಾಕಿಕೊಂಡಳೆಂದರೆ ನಾವಿಬ್ಬರೂ ಸೋಫಾದಲ್ಲಿ ಹಾಜರು. ಜಪಾನಿನ ಪುಸ್ತಕವಾದ್ದರಿಂದ ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಅವಳು ಬೆರಳಿಟ್ಟು ದಾರಿ ತೋರಿಸುತ್ತಿದ್ದಳು, ನಾನು ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡದಲ್ಲಿ ದನಿ ಬದಲಿಸಿ ಆಡಿ ತೋರಿಸುತ್ತಿದ್ದೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಒಂದು ಪುಟವನ್ನೂ ತಿರುವಬಾರದು ಎಂಬ ಕರಾರು. ಹೋತಕ್ಕೆ ನನ್ನದೇ ದನಿ ಕೊಟ್ಟೆ. ಡಾಕ್ಟರ್ ಮೂಲಂಗಿಗೆ, ಸ್ವಲ್ಪ ಗತ್ತು ಇರಲಿ ಎಂದು, ಧಾರವಾಡದ ಮಾತು ಕೊಟ್ಟೆ. ಮಾಳವಿಕಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

"ಅತ್ತಿ, ಯಾವಾಗ ನೋಡಿದ್ರೂ ವಿಲನ್ನು ನಮ್ಮ ಧಾರವಾಡದಾಂವನ ಯಾಕ್ರೀ? ಮೈಸೂರಾಗ ಕೆಟ್ಟ ಮಂದಿ ಹುಟ್ಟೂದ ಇಲ್ಲೇನು?"

"ಹುಟ್ತಾರಮ್ಮ. ಆದ್ರೆ ಅವರು ಪ್ರಪಂಚ ಗೆಲ್ಲೋಕೆ ಹೊರಟುಬಿಟ್ರೆ ಮಧ್ಯಾಹ್ನ ನಿದ್ದೆ ಮಾಡೋದು ಯಾರು?"

ಅವಳು ಮೂಗು ಮುರಿದು ಹೋದಳು. ಆದರೆ ಆ ದಿನದಿಂದ ಕಥೆಯ ಹೊತ್ತಿಗೆ ಸರಿಯಾಗಿ ಅವಳಿಗೆ ನಮ್ಮ ಪಕ್ಕದಲ್ಲೇ ಬೀನ್ಸ್ ಸೋಸುವ ಕೆಲಸ ಬೀಳುತ್ತಿತ್ತು. ಋಷಿಕೇಶ ಆಸ್ಪತ್ರೆಯಿಂದ ಬಂದು ಶೂ ಬಿಚ್ಚುವ ಮುಂಚೆ "ಇವತ್ತು ಏನು ತಿಂತು?" ಎಂದು ಕೇಳುತ್ತಿದ್ದ.

ಪುಸ್ತಕ ಬರುತ್ತಿದ್ದದ್ದು ಪಕ್ಕದ ಮನೆಯ ಸ್ಟ್ಯಾನಿಸ್ಲಾಸ್ ಅವರಿಂದ. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ. ಲಂಡನ್ನಿನ ನೆಲದಡಿಯ ಟ್ಯೂಬ್ ರೈಲು ಓಡಿಸಿ ನಿವೃತ್ತರಾದವರು. ಅವರ ಮಗಳು ಜೂಲಿ ಚಿಕ್ಕವಳಿದ್ದಾಗ ಓದಿದ ಹನ್ನೆರಡು ಸಂಪುಟಗಳೂ ಅವರಲ್ಲಿದ್ದವು, ಅಷ್ಟನ್ನೂ ಅವರು ಅರೆದು ಕುಡಿದಿದ್ದರು. ಒಟ್ಟಿಗೇ ಕೊಡಿ ಎಂದರೆ ಕೊಡರು. ಒಂದು ವಾಪಸು ಕೊಟ್ಟರೆ ಇನ್ನೊಂದು, ಬೇಲಿಯ ಮೇಲಿಂದ. ಕೊಡುವಾಗ ಮುಂದಿನದನ್ನು ನೆನೆದು ಮುಸಿಮುಸಿ ನಗುತ್ತಿದ್ದರು. ಅವರ ಆ ನಗೆ ನೋಡಿದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ಹನ್ನೊಂದನೆಯ ಸಂಪುಟ ನಮ್ಮೆಲ್ಲರ ನೆಮ್ಮದಿ ಕೆಡಿಸಿತು. ಡಾಕ್ಟರ್ ಮೂಲಂಗಿ ತನಗೆ ಜೊತೆಗಿರಲೆಂದು ಒಂದು ಪುಟ್ಟ ಯಂತ್ರದ ಮೇಕೆಮರಿ ಮಾಡಿಕೊಂಡಿರುತ್ತಾನೆ. ಅದರ ಬ್ಯಾಟರಿ ಮುಗಿಯುತ್ತದೆ. ಮೂಲಂಗಿ ಗೊಳೋ ಎಂದು ಅಳುತ್ತಾನೆ. ಅಷ್ಟು ಪುಸ್ತಕಗಳ ಉದ್ದಕ್ಕೂ ಅವನ ಪ್ಯಾಂಟು ತಿಂದ ಗೊಂಪೈ ಸುಮ್ಮನೆ ಬಂದು, ತನ್ನ ಎದೆಯ ಬಾಗಿಲು ತೆಗೆದು, ತನ್ನ ಬ್ಯಾಟರಿಯನ್ನೇ ಕಿತ್ತು ಮರಿಗೆ ಹಾಕುತ್ತದೆ. ಮರಿ ಬ್ಯಾ ಎನ್ನುತ್ತದೆ. ಗೊಂಪೈ ದೊಪ್ಪನೆ ಬೀಳುತ್ತದೆ, ಎರಡು ಕಣ್ಣಿನ ಜಾಗದಲ್ಲಿ ಎರಡು ಅಡ್ಡಗೀಟು. ಅಲ್ಲಿಗೆ ಸಂಪುಟ ಮುಗಿಯಿತು. ಮಾಳವಿಕಾ ಬೀನ್ಸಿನ ಬುಟ್ಟಿ ಕೆಳಗಿಟ್ಟು "ಸತ್ತತೇನ್ರೀ?" ಎಂದಳು. ಗಾರ್ಗಿ ಕೊನೆಯ ರಟ್ಟನ್ನೂ ತಿರುವಿ ನೋಡಿದಳು.

ಅಷ್ಟರಲ್ಲಿ ದಸರಾ ಬಂತು, ದಸರೆಯ ಜೊತೆಗೆ ಪಂಚಾಂಗದ ಜಗಳವೂ ಬಂತು. ಇಲ್ಲಿನ ಕನ್ನಡದ ಮನೆಗಳವರೆಲ್ಲ ಸೇರಿ ಹಬ್ಬ-ಹರಿದಿನ ಎಂಬ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಎಜ್‌ವೇರಿನ ಆನಂದತೀರ್ಥಾಚಾರ್ ಅದರ ಧರ್ಮಾಧಿಕಾರಿ. ವಾರವೆಲ್ಲ ಕೌನ್ಸಿಲ್ಲಿನಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ ನೌಕರಿ, ಶನಿವಾರ ಭಾನುವಾರ ಪೌರೋಹಿತ್ಯ. ಅವರು ಬರೆದರು: ಲಂಡನ್ನಿನ ಸೂರ್ಯೋದಯದ ಲೆಕ್ಕದಲ್ಲಿ ಈ ಸಲ ವಿಜಯದಶಮಿ ಬುಧವಾರ. ಮೈಸೂರಿನಲ್ಲಾದರೋ ಗುರುವಾರ. ಇದು ನಿಜವೇ. ಚಂದ್ರನ ತಿಥಿ ಎಲ್ಲ ಕಡೆಗೂ ಒಂದೇ ಗಳಿಗೆಯಲ್ಲಿ ಶುರುವಾಗುತ್ತದೆ, ಸೂರ್ಯ ಮಾತ್ರ ಅಲ್ಲಿ ಮೊದಲು ಹುಟ್ಟುತ್ತಾನೆ, ಇಲ್ಲಿ ಆಮೇಲೆ. ಮೈಸೂರಿನಲ್ಲಿ ಸೂರ್ಯ ಹುಟ್ಟಿದ ಮೇಲೆ ಶುರುವಾದ ದಶಮಿ, ಲಂಡನ್ನಿನಲ್ಲಿ ಹುಟ್ಟುವ ಮೊದಲೇ ಬಂದಿರುತ್ತದೆ. ಗಣಿತದ ಟೀಚರಾದ ನನಗೆ ಈ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆದರೆ ಚಾಮುಂಡಿಬೆಟ್ಟದ ಬುಡದಿಂದ ಬಂದವಳಿಗೆ ಎಜ್‌ವೇರಿನವರು ದಸರಾ ಯಾವತ್ತು ಎಂದು ಹೇಳಿಕೊಡುವುದೇ?

"ಸೂರ್ಯನೇ ನೆಟ್ಟಗೆ ಕಾಣಿಸಿಕೊಳ್ಳದ ಊರಿನಲ್ಲಿ ಸೂರ್ಯೋದಯದ ಲೆಕ್ಕವೆಂಥದು?" ಎಂದು ಶುರುಮಾಡಿ ಒಂದು ಉದ್ದನೆಯ ಸಂದೇಶ ಕುಟ್ಟಿದೆ. ನಮ್ಮ ಮನೆಯಲ್ಲಿ ಮೈಸೂರು ಪಂಚಾಂಗವೇ ನಡೆಯುವುದು, ಮರ್ಯಾದೆ ಇದ್ದವರು ಹಾಗೇ ಮಾಡಿ ಎಂದು ಮುಗಿಸಿದೆ. ಅರ್ಧ ಗುಂಪು ನನ್ನ ಕಡೆ ಬಂತು. ಹ್ಯಾರೋದ ಹೆಂಗಸರು ಪಾಯಸದ ದಿನವನ್ನೇ ಬದಲಿಸಿದರು. ಆಚಾರ್ಯರು ಕೈಮುಗಿದ ಒಂದು ಚಿತ್ರ ಹಾಕಿ ಸುಮ್ಮನಾದರು. ಗೆದ್ದೆ ಎಂದು ನಾನು ಬೀಗಿದೆ.

ಸೋಮವಾರ, ನಮ್ಮ ಪಂಚಾಂಗದ ಪ್ರಕಾರ, ಸರಸ್ವತಿ ಪೂಜೆ. ಓದುವ ಪುಸ್ತಕಗಳನ್ನು ದೇವಿಯ ಮುಂದೆ ಜೋಡಿಸಿ ಪೂಜೆ ಮಾಡಿದರೆ, ದಶಮಿಯ ದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೂ ಮನೆಯಲ್ಲಿ ಯಾರೂ ಪುಸ್ತಕ ಮುಟ್ಟುವಂತಿಲ್ಲ, ಓದುವಂತಿಲ್ಲ. ನಾನು ಗಾರ್ಗಿಯನ್ನು ಕೂರಿಸಿಕೊಂಡು ಗತ್ತಿನಿಂದ ಹೇಳಿದೆ, "ಸುಮ್ಮನೆ ಯಾವುದೋ ಒಂದು ತಂದಿಡೋದಲ್ಲ. ನಿಂಗೆ ಯಾವ ಪುಸ್ತಕ ಎಲ್ಲಕ್ಕಿಂತ ಹೆಚ್ಚೋ ಅದನ್ನ ತಂದಿಡು. ಸರಸ್ವತಿ ಅದನ್ನೇ ನೋಡೋದು." ಗಣಿತದ್ದು ತರುತ್ತಾಳೆ ಎಂದು ನನ್ನ ಲೆಕ್ಕ. ಅವಳು ಶಾಲೆಯ ಪುಸ್ತಕಗಳ ಮೇಲೊಂದು ಪುಸ್ತಕ ಇಟ್ಟು ರೇಷ್ಮೆ ವಸ್ತ್ರ ಹೊದಿಸಿದಳು. ನಾನು ಮಂತ್ರ ಹೇಳಿ, ಅರಿಸಿನ ಕುಂಕುಮ ಅಕ್ಷತೆ ಹಾಕಿ, ಆರತಿ ಎತ್ತಿ, ಕೈಮುಗಿದೆ. ಆರತಿಯ ಬೆಳಕಿನಲ್ಲಿ ವಸ್ತ್ರದ ಅಂಚಿನಿಂದ ಒಂದು ಗಡ್ಡ ಇಣುಕುತ್ತಿತ್ತು.

ಗೊಂಪೈ. ಹನ್ನೆರಡನೆಯ ಸಂಪುಟ. ಕೊನೆಯದು. ಆ ಬೆಳಿಗ್ಗೆಯಷ್ಟೇ ಸ್ಟ್ಯಾನಿಸ್ಲಾಸ್ ಬೇಲಿಯ ಮೇಲಿಂದ ಅವಳ ಕೈಗೆ ಕೊಟ್ಟಿದ್ದರಂತೆ.

ಮುಗಿದ ಕೈ ಬಿಡಿಸಿ ಬೆರಳಲ್ಲಿ ದಿನ ಎಣಿಸಿದೆ. ಏಕೆಂದರೆ ನನ್ನ ವಿಮಾನ ಬುಧವಾರ ರಾತ್ರಿ. ಟಿಕೆಟ್ ತೆಗೆಯುವಾಗ ಋಷಿಕೇಶ ಯಾವ ಪಂಚಾಂಗವನ್ನೂ ನೋಡಿರಲಿಲ್ಲ. ಗುರುವಾರ, ನಾನೇ ಹಟ ಹಿಡಿದು ಸ್ಥಾಪಿಸಿದ ದಶಮಿಯ ದಿನ, ಈ ಪುಸ್ತಕ ಎತ್ತುವ ಹೊತ್ತಿಗೆ ನಾನು ಅರಬ್ಬೀ ಸಮುದ್ರದ ಮೇಲಿರುತ್ತೇನೆ. ಇಷ್ಟು ತಿಂಗಳು ಒಟ್ಟಿಗೆ ಓದಿದ ಕಥೆಯ ಕೊನೆಯನ್ನು ಗಾರ್ಗಿ ಒಬ್ಬಳೇ ಓದಬೇಕು, ನಾನು ಮೈಸೂರಿನಲ್ಲಿ ಒಬ್ಬಳೇ ಕೇಳಿಸಿಕೊಳ್ಳಬೇಕು. ನನ್ನ ಕೈಯಾರೆ ಹಾಕಿದ ಅಕ್ಷತೆ ಆ ಹೋತದ ತಲೆಯ ಮೇಲೆ ಕೂತಿತ್ತು.

ಆ ಸಂಜೆ ಮನೆಯಲ್ಲಿ ದೊಡ್ಡ ವಿಚಾರಣೆಯೇ ನಡೆಯಿತು. ಋಷಿಕೇಶ ವಕೀಲನ ಹಾಗೆ ಎದ್ದು ನಿಂತ. "ಅಮ್ಮ, ಇದು ಚಿತ್ರದ ಪುಸ್ತಕ. ಚಿತ್ರ ನೋಡೋದು ಓದೋದು ಹೇಗಾಗುತ್ತೆ? ನಾನು ಇವತ್ತೂ ಎಕ್ಸ್‌ರೇ ನೋಡಿದೀನಿ. ಅದಕ್ಕೆ ನೀನೇನೂ ಅನ್ನಲಿಲ್ಲ."

"ಹೌದಲ್ರೀ," ಎಂದು ಮಾಳವಿಕಾ ದನಿಗೂಡಿಸಿದಳು. "ಮತ್ತ ಅದು ಅರ್ಧ ಮಷೀನ್ ಐತಿ. ಸರಸ್ವತಿಗ್ಯಾಕ ಅದು? ತೆಗದು ಆಯುಧಪೂಜಿಗೆ ಕಾರಿನ ಬಾಜೂಕ ಇಡೋಣ. ಇಡೂಮುಂದ ಒಂದಿಷ್ಟು ಹಾಳಿ ಹಂಗ ತಿರುವಿದ್ರ..."

ನಾನು ಒಪ್ಪಿಬಿಡುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಾಯಿ ತೆರೆದೂ ಇದ್ದೆ. ಆದರೆ ಗಾರ್ಗಿ ಪೂಜೆಯ ಮಣೆಗೆ ಅಡ್ಡ ನಿಂತಳು.

"ಇಲ್ಲ. ರೂಲ್ಸ್ ಆರ್ ರೂಲ್ಸ್, ಡ್ಯಾಡ್. ಪೂಜೆಯಲ್ಲಿದೆ. ಯಾರೂ ಮುಟ್ಟಬಾರದು. ಅಜ್ಜಿನೇ ಹೇಳಿದ್ದು." ಅಷ್ಟು ಸಾಲದೆಂದು ಕಳಶದ ತೆಂಗಿನಕಾಯಿಯನ್ನು ಎತ್ತಿ ಪುಸ್ತಕದ ಮೇಲೆ ಹೇರಿದಳು.

ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಲಂಡನ್ನಿನಲ್ಲಿ ಹುಟ್ಟಿದ ಮಗು, ಎಂಥ ನಿಷ್ಠೆ! ಒಳಗೊಳಗೇ ಎಷ್ಟು ಸಂಕಟಪಡುತ್ತಿದೆಯೋ ಎಂದು ಅವಳ ತಲೆ ಸವರಿದೆ.

ಮಂಗಳವಾರ ಬೆಳಿಗ್ಗೆ ಕರಿಬೇವು ತರಲು ಅಂಗಡಿಗೆ ಹೋದರೆ, ಬದನೆಕಾಯಿಯ ಪಕ್ಕದಲ್ಲಿ ಸ್ಟ್ಯಾನಿಸ್ಲಾಸ್.

"ಎಂತ ಟೀಚರೆ, ಓದಿ ಆಯ್ತಾ? ಅಖೇರಿಗೆ ಅಲ್ಲಿ ಆ ಮೂಲಂಗಿ ಉಂಟಲ್ಲ..."

"ಹೇಳಬೇಡಿ!" ಎಂದು ನಾನು ಎರಡು ಕೈಯಲ್ಲೂ ಇದ್ದ ಕರಿಬೇವಿನ ಕಟ್ಟುಗಳನ್ನು ಎರಡು ಕಿವಿಗೂ ಒತ್ತಿಕೊಂಡೆ.

"ಇಲ್ಲ ಮಾರಾಯ್ರೆ, ನಾನು ಹೇಳುದಿಲ್ಲ. ಒಂದೇ ಮಾತು. ಆ ಹೋತ ಇದೆ ನೋಡಿ..."

ನಾನು ದನಿ ಏರಿಸಿ ಹದಿನೇಳರ ಮಗ್ಗಿ ಹೇಳುತ್ತಾ ಬಿಲ್ಲಿನ ಕಡೆ ನಡೆದೆ. ಗುಜರಾತಿ ಅಂಗಡಿಯಾಕೆ ಹೆದರಿ ಕರಿಬೇವಿಗೆ ದುಡ್ಡೇ ಕೇಳಲಿಲ್ಲ. ಬಾಗಿಲಲ್ಲಿ ತಿರುಗಿ ಸ್ಟ್ಯಾನಿಸ್ಲಾಸ್ ಅವರ ಮುಖ ನೋಡಿದೆ, ಏನಾದರೂ ಸುಳಿವು ಸಿಗುತ್ತದೇನೋ ಎಂದು. ಟ್ಯೂಬ್ ಡ್ರೈವರುಗಳ ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ದೀಪಕ್ಕೆ ಎಣ್ಣೆ ಹಾಕುವ ನೆಪ ಮಾಡಿಕೊಂಡು ಪೂಜೆಯ ಹತ್ತಿರ ಹೋದೆ. ಕೈಯಿಂದ ಮುಟ್ಟಿದರೆ ತಾನೇ ದೋಷ? ಊದುಬತ್ತಿಯ ಕಡ್ಡಿಯ ತುದಿಯಿಂದ ಮುಖಪುಟವನ್ನು ಒಂದಿಷ್ಟು ಎತ್ತಲು ನೋಡಿದೆ. ತೆಂಗಿನಕಾಯಿ ಅಲ್ಲಾಡಲಿಲ್ಲ. ಬಗ್ಗಿ, ನೆಲಕ್ಕೆ ಕೆನ್ನೆ ಹಚ್ಚಿ, ಪುಟಗಳ ಸಂದಿಯೊಳಗೆ ಊದಿದೆ. ಅಷ್ಟರಲ್ಲಿ ಮುಂಬಾಗಿಲಿನ ಬೀಗ ತಿರುಗಿತು. ನಾನು ಬಿದ್ದಲ್ಲೇ ಸಾಷ್ಟಾಂಗ ನಮಸ್ಕಾರವಾದೆ.

ಬಂದವಳು ಮಾಳವಿಕಾ. ಊಟದ ಬಿಡುವಿನಲ್ಲಿ ಕ್ಲಿನಿಕ್ಕಿನಿಂದ ಓಡಿ ಬಂದಿದ್ದಾಳೆ, ಕೊರಳಲ್ಲಿ ಸ್ಟೆತಸ್ಕೋಪು ಹಾಗೇ ಇದೆ, ಕೈಯಲ್ಲೊಂದು ತೆಳ್ಳನೆಯ ಇಕ್ಕಳ.

"ಅದ್ಯಾಕಮ್ಮ?" ಎಂದೆ ನೆಲದಿಂದಲೇ.

"ನೀವ್ಯಾಕ ಮಲಕೊಂಡೀರಿ?" ಎಂದಳು ಅವಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವಳು ನನ್ನ ಪಕ್ಕ ನೆಲದ ಮೇಲೆ ಕುಸಿದು ನಗತೊಡಗಿದಳು. ಹದಿನೈದು ವರ್ಷದಲ್ಲಿ ನಾವು ಅತ್ತೆ ಸೊಸೆ ಹಾಗೆ ನಕ್ಕದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಅವಳು ಮೆಲ್ಲಗೆ ಕೇಳಿದಳು, "ಅತ್ತಿ, ಸಿಟ್ಟಾಗಬ್ಯಾಡ್ರಿ. ಆಚಾರ್ರ ಲೆಕ್ಕದಾಗ ನಾಳೀನ ದಶಮಿ ಅಲ್ಲೇನ್ರೀ?"

"ಸಾಯ್ತೀನಿ ಹೊರತು ಆ ಎಜ್‌ವೇರ್ ಪಂಚಾಂಗ ಒಪ್ಪಲ್ಲ," ಎಂದೆ.

ಒಪ್ಪಿದೆ. ಇಡೀ ರಾತ್ರಿ ಹೊರಳಾಡಿ ಬುಧವಾರ ಬೆಳಿಗ್ಗೆ, ಗಾರ್ಗಿ ಶಾಲೆಗೆ ಹೊರಟ ಮೇಲೆ, ಆಚಾರ್ಯರಿಗೆ ಫೋನು ಮಾಡಿದೆ. ಗಾರ್ಗಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಕೊನೆಯ ಪುಟ ನಾವಿಬ್ಬರೂ ಒಟ್ಟಿಗೆ ತಿರುವಬೇಕು ಎಂಬ ಆಸೆ ನನಗೆ ಎಷ್ಟು ಬಲವಾಗಿ ಹಿಡಿದಿತ್ತೆಂದರೆ, ವಿಮಾನ, ವೀಸಾ, ಸೂಟ್‌ಕೇಸು ಯಾವುದೂ ತಲೆಯಲ್ಲಿರಲಿಲ್ಲ.

"ಅಪ್ಪಣೆಯಾಗಲಿ ಅಮ್ಮ," ಎಂದರು ಆಚಾರ್ಯರು. ದನಿಯಲ್ಲಿ ತುಪ್ಪ ಸುರಿಯುತ್ತಿತ್ತು.

"ಪೂಜೆಗಿಟ್ಟ ಒಂದು ಗ್ರಂಥ ಇವತ್ತೇ ತೆಗೀಬೇಕಿತ್ತು. ಲಂಡನ್ ಲೆಕ್ಕದಲ್ಲಿ ಇವತ್ತು ದಶಮಿ ಅಂತ ಯಾರೋ ಹೇಳ್ತಿದ್ರು."

"ಯಾರೋ ಹೇಳ್ತಿದ್ರು," ಎಂದು ಅವರು ಚಪ್ಪರಿಸಿದರು. "ಯಾವ ಗ್ರಂಥ ಅಮ್ಮ?"

"ಒಬ್ಬ ವೀರನ ಚರಿತ್ರೆ."

"ಯಾವ ವೀರ?"

"ತನ್ನ ಪ್ರಾಣ ಕೊಟ್ಟು ಶತ್ರುವಿನ ಮಗು ಉಳಿಸಿದವನು."

"ಆಹಾ. ಯಾವ ವಂಶ?"

ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ. "ಹೋತ," ಎಂದೆ.

ಆ ಕಡೆಯಿಂದ ಕೆಮ್ಮಿದಂಥ, ಹಿಂದಿನಿಂದ ಯಾರೋ ಬೆನ್ನು ತಟ್ಟಿದಂಥ ಸದ್ದು. ಕೊನೆಗೆ ಆಚಾರ್ಯರು ದನಿ ಸರಿಮಾಡಿಕೊಂಡರು. "ನೋಡಿ ಅಮ್ಮ, ಹೋತವಾಗಲಿ ಹಯಗ್ರೀವನಾಗಲಿ, ತೆಗೆಯೋದಕ್ಕೆ ಅಡ್ಡಿಯಿಲ್ಲ. ಆದರೆ ಲಂಡನ್ ಪಂಚಾಂಗ ಸುಳ್ಳು ಅಂತ ತಾವು ಗುಂಪಿನಲ್ಲಿ ಬರೆದಿದ್ದೀರಿ. ಸುಳ್ಳು ಅಂದ ಪಂಚಾಂಗದ ಮುಹೂರ್ತ ತಮಗೆ ಫಲ ಕೊಡೋದು ಹೇಗೆ? ಅದು ಸರಿ ಅಂತ ಅಲ್ಲೇ ಒಂದು ಮಾತು ಬರೆದುಬಿಡಿ. ಆಮೇಲೆ ಸುಖವಾಗಿ ತೆಗೀರಿ."

ಕೌನ್ಸಿಲ್ಲಿನಲ್ಲಿ ಕೆಲಸ ಮಾಡುವವರ ಬುದ್ಧಿಯೇ ಅದು. ನಾನು ಹಲ್ಲು ಕಚ್ಚಿಕೊಂಡು ಬರೆದೆ: "ಆನಂದತೀರ್ಥಾಚಾರ್ಯರ ಲೆಕ್ಕ ಸರಿಯಾಗಿದೆ. ಲಂಡನ್ನಿನಲ್ಲಿ ಇಂದೇ ವಿಜಯದಶಮಿ. ರಜನಿ ಟೀಚರ್."

ಆಮೇಲೆ ಆದದ್ದನ್ನು ಏನೆಂದು ಹೇಳಲಿ. ಫೋನು ಮೇಜಿನ ಮೇಲೆ ಕುಣಿಯತೊಡಗಿತು. ಹ್ಯಾರೋದ ಒಬ್ಬಾಕೆ, ಟೀಚರ್, ನಾಳೆಗೆಂದು ಹಾಲು ತಂದಿಟ್ಟಿದ್ದೇನೆ, ಪಾಯಸ ಈಗ ಮಾಡಲೋ ಎಂದಳು. ಇನ್ನೊಬ್ಬಾಕೆ ಟೂಟಿಂಗಿನಿಂದ ಬರುವ ನೆಂಟರು ನಾಳೆ ಬರುತ್ತಾರೆ, ದಶಮಿ ಮುಗಿದುಹೋಗಿದೆ ಎಂದು ಹೇಗೆ ಹೇಳಲಿ ಎಂದು ಅತ್ತಳು. ಯಾರೋ ಗಂಡಸು, ನವಮಿ ಯಾವಾಗ ಆಯಿತು, ನನ್ನ ಕಾರಿಗೆ ಇನ್ನೂ ಕುಂಬಳಕಾಯಿ ಒಡೆದಿಲ್ಲ ಎಂದು ಕಿರುಚಿದ. ಆಚಾರ್ಯರು ಹೂವು, ದೀಪ, ಆನೆ, ಅಂಬಾರಿಯ ಚಿತ್ರಗಳನ್ನು ಒಂದರ ಹಿಂದೊಂದು ಹಾಕುತ್ತಿದ್ದರು. ನಾನು ಎಲ್ಲರಿಗೂ "ಲೆಕ್ಕ ಲೆಕ್ಕವೇ" ಎಂದು ಉತ್ತರ ಕೊಟ್ಟು, ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು ಕೂತೆ. ಮರ್ಯಾದೆ ಹೋದರೆ ಹೋಗಲಿ, ಹೋತ ಸಿಗುತ್ತದಲ್ಲ ಎಂದು ಹಿಗ್ಗು.

ಶಾಲೆ ಬಿಡುವ ಹೊತ್ತಿಗೆ ಎಲ್ಲರೂ ತಯಾರು. ಏರ್‌ಪೋರ್ಟಿಗೆ ಹೊರಡಲು ಇನ್ನೂ ಒಂದು ಗಂಟೆಯಿತ್ತು. ಋಷಿಕೇಶ ಯಾರೊಂದಿಗೋ ಡ್ಯೂಟಿ ಬದಲಿಸಿಕೊಂಡು ಮುಂಚೆಯೇ ಬಂದಿದ್ದ. ಮಾಳವಿಕಾ ನಾಲ್ಕು ಬಟ್ಟಲಲ್ಲಿ ಪಾಯಸ ಹಾಕಿ, ಕಥೆ ಸುಖಾಂತವಾದರೆ ಈಗ, ಇಲ್ಲದಿದ್ದರೆ ಅತ್ತು ಮುಗಿಸಿದ ಮೇಲೆ ಎಂದು ಮುಚ್ಚಿಟ್ಟಳು. ಗಾರ್ಗಿ ಬ್ಯಾಗು ಇಳಿಸುವ ಮುಂಚೆಯೇ ನಾನು ಕೂಗಿದೆ, "ಬಾರೇ ಬಾ, ಕೈಕಾಲು ತೊಳ್ಕೊಂಡು ಬಾ! ಇವತ್ತೇ ದಶಮಿ! ಹೋತನ್ನ ಎಬ್ಬಿಸೋಣ!"

ಆರತಿ ಎತ್ತಿದೆ. ತೆಂಗಿನಕಾಯಿ ಇಳಿಸಿದೆ. ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡು ಅವಳ ಕೈಗೆ ಕೊಟ್ಟೆ. ಕೊನೆಗೆ ಕುಂಕುಮ ಮೆತ್ತಿದ ಆ ಗಡ್ಡದ ಮೇಲೆ ಕೈಯಿಟ್ಟೆ.

"ಬೇಡ!"

ಎಲ್ಲರೂ ಬೆಚ್ಚಿದೆವು. ಗಾರ್ಗಿ ಎರಡೂ ಕೈಯಲ್ಲಿ ನನ್ನ ಕೈಯನ್ನು ಒತ್ತಿ ಹಿಡಿದಿದ್ದಳು.

"ಬೇಡ ಅಜ್ಜಿ. ತೆಗೀಬೇಡ."

ಅವಳು ಹೇಳಿದ್ದು ಕನ್ನಡದಲ್ಲಿ, ಮೊದಲ ಸಲ. ಆಮೇಲೆ ಅಳು, ಅಳುವಿನ ಜೊತೆಗೆ ಇಂಗ್ಲಿಷು, ಧೋ ಎಂದು ಸುರಿಯಿತು. ತಾನು ಬೇಕೆಂದೇ ಇಟ್ಟದ್ದಂತೆ. ಓದಿಬಿಟ್ಟರೆ ಕಥೆ ಮುಗಿಯುತ್ತದೆ. ಮುಗಿದರೆ ಅಜ್ಜಿ ಹೋಗಿಬಿಡುತ್ತಾರೆ, ಹೋದರೆ ಮತ್ತೆ ಬರುವುದಕ್ಕೆ ಏನೂ ಉಳಿದಿರುವುದಿಲ್ಲ. ಮುಗಿಯದೇ ಇದ್ದರೆ ಬರಲೇಬೇಕು, ಏಕೆಂದರೆ ಗೊಂಪೈಯನ್ನು ಹಾಗೆ ಬಿದ್ದಲ್ಲೇ ಬಿಟ್ಟು ಇರುವುದು ಯಾರಿಂದಲೂ ಸಾಧ್ಯವಿಲ್ಲ, ಅಜ್ಜಿಯಿಂದಂತೂ ಸಾಧ್ಯವೇ ಇಲ್ಲ. ಪೂಜೆಯಲ್ಲಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂದು ಅಜ್ಜಿಯೇ ಹೇಳಿದ್ದರಲ್ಲ. ದಶಮಿಯ ಹೊತ್ತಿಗೆ ಅಜ್ಜಿ ಊರಲ್ಲಿರುವುದಿಲ್ಲ ಎಂದು ತಾನು ಕ್ಯಾಲೆಂಡರ್ ನೋಡಿಯೇ ಇಟ್ಟದ್ದು. ಈಗ ದಶಮಿಯೇ ಓಡಿ ಬಂದುಬಿಟ್ಟರೆ ಅದು ಚೀಟಿಂಗ್.

ಮೂವತ್ತು ವರ್ಷ ನೂರಾರು ಮಕ್ಕಳಿಗೆ ಲೆಕ್ಕ ಕಲಿಸಿದ್ದೇನೆ, ಇಷ್ಟು ಚೊಕ್ಕವಾಗಿ ಯಾರೂ ನನ್ನನ್ನು ಲೆಕ್ಕದಲ್ಲಿ ಸೋಲಿಸಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನನ್ನನ್ನು ಯಾರಾದರೂ ಹೀಗೆ ಬೇಕು ಎಂದದ್ದು ಎಷ್ಟು ಕಾಲವಾಗಿತ್ತು! ಅವಳನ್ನು ಎಳೆದು ತಬ್ಬಿಕೊಂಡೆ. ನನ್ನ ಹೊಸ ಸೀರೆಯ ತುಂಬ ಕುಂಕುಮ, ಕಣ್ಣೀರು, ಮೂಗಿನ ಸಿಂಬಳ ಎಲ್ಲ ಮೆತ್ತಿಕೊಂಡಿತು.

"ಹಾಗಾದ್ರೆ ಹೋತ?" ಎಂದ ಋಷಿಕೇಶ. ಮೂಳೆ ಡಾಕ್ಟರ ದನಿ ಎಳೆ ಮಗುವಿನದಾಗಿತ್ತು.

"ಬಿದ್ದಿರಲಿ," ಎಂದೆ.

"ಅತ್ತೀ!" ಎಂದು ಮಾಳವಿಕಾ ಹಣೆ ಚಚ್ಚಿಕೊಂಡಳು. "ಡ್ಯೂಟಿ ಬಿಟ್ಟು ಬಂದೇವ್ರೀ!"

"ಯಾರಾದ್ರೂ ಮುಟ್ಟಿದ್ರೆ ನೋಡಿ. ಒಂದೊಂದು ಅಕ್ಷತೆ ಕಾಳೂ ಎಣಿಸಿಡ್ತೀನಿ."

ಪುಸ್ತಕವನ್ನು ದೇವಿಯ ಮುಂದೆ ನೆಟ್ಟಗೆ ಜೋಡಿಸಿ, ವಸ್ತ್ರ ಹೊದಿಸಿ, ಕಾಯಿಯನ್ನು ಮತ್ತೆ ಮೇಲಿಟ್ಟೆ. ಗಾರ್ಗಿ ಮೂಗೆಳೆಯುತ್ತಾ ಅಕ್ಷತೆ ಹಾಕಿದಳು. ಹೊರಗೆ ಟ್ಯಾಕ್ಸಿ ಬಂದು ಹಾರ್ನ್ ಮಾಡಿತು. ಋಷಿಕೇಶ ನಿಟ್ಟುಸಿರುಬಿಡುತ್ತಾ ನನ್ನ ಸೂಟ್‌ಕೇಸು ಎತ್ತಿದ. ಆಗ ನೆನಪಾಯಿತು, ಇಡೀ ಗುಂಪು ನನ್ನ ಮಾತು ನಂಬಿಕೊಂಡು ಗಡಿಬಿಡಿಯಲ್ಲಿ ಕುಂಬಳಕಾಯಿ ಒಡೆಯುತ್ತಿದೆ. ಅವರಿಗೆಲ್ಲ ಇವತ್ತೇ ದಶಮಿ ಎಂದು ಹೇಳಿ, ನಾನು ಮಾತ್ರ ಪುಸ್ತಕ ಎತ್ತದೆ ಊರು ಬಿಡುವುದು ಸರಿಯಲ್ಲ. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತು, ಗಾರ್ಗಿಗೆ ಕಾಣುವ ಹಾಗೆ ಫೋನು ಹಿಡಿದು, ಒಂದೊಂದೇ ಅಕ್ಷರ ಕುಟ್ಟಿದೆ.

"ತಿದ್ದುಪಡಿ. ನೀವೆಲ್ಲ ಆಚಾರ್ಯರು ಹೇಳಿದಂತೆ ಮಾಡಿ. ನಮ್ಮ ಮನೆಯಲ್ಲಿ ಮಾತ್ರ ವಿಜಯದಶಮಿ ಇವತ್ತೂ ಅಲ್ಲ, ನಾಳೆಯೂ ಅಲ್ಲ. ನಾನು ವಾಪಸು ಬಂದ ದಿನ. ರಜನಿ ಟೀಚರ್."

ಕಳಿಸುವ ಗುಂಡಿಯನ್ನು ಗಾರ್ಗಿ ಒತ್ತಿದಳು.